ಅಂಗಡಿ ಗಾಜಿನ ಮುಂದೆ ನಿಲ್ಲುತ್ತಿದ್ದ ದರ್ಜಿ

ನಮ್ಮ ಮನೆಯವರು ದರ್ಜಿ. ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ, ತುಟಿಯಲ್ಲಿ ಸಿಗರೇಟು. ಕಾಜಾ, ಗುಂಡಿ ನನ್ನ ಪಾಲಿಗೆ. ಹೊಲಿಯುವುದರಲ್ಲಿ ಎತ್ತಿದ ಕೈ, ಬೇರೆಯವರ ಹೊಲಿಗೆ ಹಳಿಯುವುದರಲ್ಲಿ ಇನ್ನೂ ಒಂದು ಕೈ ಮೇಲೆ.

ಹಾಗಾಗಿ ಪೇಟೆಗೆ ಹೋದಾಗಲೆಲ್ಲ ಅವರು ಬಟ್ಟೆ ಅಂಗಡಿಗಳ ಗಾಜಿನ ಮುಂದೆ ನಿಲ್ಲತೊಡಗಿದ್ದು ನನಗೆ ವಿಚಿತ್ರವೆನಿಸಲಿಲ್ಲ. "ಆ ಕಾಲರ್ ನೋಡೇ, ಕತ್ತೆ ಕಿವಿ ಥರ ನಿಂತಿದೆ," ಎನ್ನುವರು. ಸ್ವಲ್ಪ ಹೊತ್ತು ಬೈದು, ಮುಂದೆ ನಡೆದು, ಇನ್ನೊಂದು ಅಂಗಡಿಯ ಮುಂದೆ ಮತ್ತೆ ನಿಲ್ಲುವರು.

ನನ್ನ ಸಿಟ್ಟು ಬೇರೆಯದಕ್ಕೆ. ಮಗಳು ತಾನು ಮೆಚ್ಚಿದವನನ್ನು ಮದುವೆಯಾಗಿ ಗುಡ್ಡದ ಮೇಲಿನ ಓಣಿಗೆ ಹೋಗಿ ವರ್ಷವಾಗಿತ್ತು. ಗಾಡಿ ಹೋಗದ, ಬರೀ ಮೆಟ್ಟಿಲಿನ ದಾರಿ. ಇವರು ಒಮ್ಮೆಯೂ ಹೋಗಿರಲಿಲ್ಲ. ಕರೆದಾಗಲೆಲ್ಲ ಕೆಲಸದ ಕುಂಟು ನೆಪ. ಅಪ್ಪನಿಗೆ ಕೋಪವೆಂದುಕೊಂಡು ಅವಳೂ ಬರುವುದನ್ನು ಬಿಟ್ಟಳು. ನಾನೂ ಅದನ್ನೇ ನಂಬಿ ದಿನಾ ಕುಟುಕುತ್ತಿದ್ದೆ.

ಒಂದು ಸಂಜೆ ಅವರು ನಿಂತದ್ದು ಮುಚ್ಚಿದ ಅಂಗಡಿಯ ಮುಂದೆ. ಕಬ್ಬಿಣದ ಶಟರ್ ಬಿಟ್ಟರೆ ಅಲ್ಲೇನಿದೆ?

"ಏನ್ರೀ, ಇದರ ಹೊಲಿಗೆ ಹೇಗಿದೆ?" ಎಂದೆ.

ನಗಲು ಹೋಗಿ ಮುಖ ಕಿವುಚಿಕೊಂಡರು. "ಮೀನಖಂಡ ಹಿಡ್ಕೊಳ್ಳುತ್ತೆ ಕಣೇ. ನಿಂತ್ರೆ ಬಿಡುತ್ತೆ, ನಡೆದ್ರೆ ಮತ್ತೆ ಶುರು."

ಮರುದಿನ ಡಾಕ್ಟರಮ್ಮ ಅವರ ಪಾದದಲ್ಲಿ ನಾಡಿ ಹುಡುಕಿದರು. ಕೈಗೂ ಕಾಲಿಗೂ ಪಟ್ಟಿ ಸುತ್ತಿ ರಕ್ತದೊತ್ತಡ ನೋಡಿದರು. "ಕಾಲಿನ ರಕ್ತನಾಳದಲ್ಲಿ ಕೊಬ್ಬು ಕೂತು ದಾರಿ ಕಿರಿದಾಗಿದೆ. ಸಿಗರೇಟು, ಬಿ.ಪಿ., ಕರಿದ ತಿಂಡಿ ಎಲ್ಲಾ ಸೇರಿ ಮಾಡಿದ್ದು. ಹೀಗೇ ಬಿಟ್ರೆ ಹೃದಯಕ್ಕೂ ಅಪಾಯ. ಸಿಗರೇಟು ಪೂರ್ತಿ ಬಿಡಿ, ಉಪ್ಪು ಕಡಿಮೆ ಮಾಡಿ, ಮಾತ್ರೆ ತಪ್ಪಿಸಬೇಡಿ. ದಿನಾ ನಡೀರಿ. ನೋವು ಬಂದ್ರೆ ನಿಲ್ಲಿ, ಹೋದ್ಮೇಲೆ ಮತ್ತೆ ನಡೀರಿ."

"ನಿಲ್ಲೋದು ಅವರಿಗೆ ಚೆನ್ನಾಗಿ ಬರುತ್ತೆ ಡಾಕ್ಟ್ರೇ," ಎಂದೆ.

ಡಾಕ್ಟರಮ್ಮ ನಕ್ಕರು, ನಮ್ಮ ಮನೆಯವರು ಮಾತ್ರ ನಗಲಿಲ್ಲ. "ಮಗಳ ಮನೆ ಮೆಟ್ಟಿಲು ಹತ್ತೋಕಾಗುತ್ತಾ?" ಎಂದು ಮೆಲ್ಲಗೆ ಕೇಳಿದರು. ನಾನು ನಾಲಿಗೆ ಕಚ್ಚಿಕೊಂಡೆ.

ಸಿಗರೇಟು ಬಿಟ್ಟ ಹೊಸತರಲ್ಲಿ ಮನೆ ರಣರಂಗ. ಗಿರಾಕಿಗಳ ಮೇಲೂ ಹರಿಹಾಯ್ದರು. ಒಬ್ಬರ ಪ್ಯಾಂಟಿಗೆ ಎರಡೂ ಜೇಬನ್ನು ಒಂದೇ ಕಡೆ ಹೊಲಿದಿಟ್ಟರು! ನಾನು ಬಿದ್ದು ಬಿದ್ದು ನಕ್ಕೆ, ಆಮೇಲೆ ಅವರೂ ನಕ್ಕರು. ಸಂಜೆಯಾದರೆ ಇಬ್ಬರೂ ನಡೆಯಲು ಹೊರಡುತ್ತಿದ್ದೆವು. ತಿಂಗಳು ಕಳೆದಂತೆ ಅವರು ನಿಲ್ಲದೆ ನಡೆಯುವ ದೂರ ಬೆಳೆಯಿತು. ಕಿರಿದಾದ ನಾಳ ಹಾಗೇ ಇದ್ದರೂ ಪಕ್ಕದ ಸಣ್ಣ ನಾಳಗಳು ಕೈಹಿಡಿದಿವೆ ಎಂದರು ಡಾಕ್ಟರಮ್ಮ.

ಒಂದು ಭಾನುವಾರ ಹೇಳದೆ ಕೇಳದೆ ಗುಡ್ಡಕ್ಕೆ ಹೊರಟೆವು. ಅವರು ಅಲ್ಲಲ್ಲಿ ನಿಂತು, ಕಾಲು ನೀವಿಕೊಂಡು, ಮತ್ತೆ ಹತ್ತಿದರು. ಬಾಗಿಲು ತೆರೆದ ಮಗಳು ಬೆಪ್ಪಾಗಿ ನಿಂತಳು.

"ಅಪ್ಪಾ... ಕೋಪ ಹೋಯ್ತಾ?"

"ಕೋಪ ಎಲ್ಲಿತ್ತಮ್ಮಾ? ಕಾಲು ನೋವು ಅಂತ ಹೇಳೋಕೆ ನಾಚಿಕೆ."

"ಒಂದು ಮಾತು ಹೇಳಿದ್ರೆ ನಾನೇ ಇಳಿದು ಬರ್ತಿದ್ನಲ್ಲಪ್ಪಾ!" ಎಂದು ಅವರನ್ನು ತಬ್ಬಿಕೊಂಡು ಅಳುತ್ತಾ ನಕ್ಕಳು.

ನಾನು ಇನ್ನೂ ಕೆಳಗಿನ ಮೆಟ್ಟಿಲಲ್ಲಿ ಕೂತು ಏದುಸಿರು ಬಿಡುತ್ತಿದ್ದೆ. ಒಳಗೆ ಬಾ ಎಂದು ನನ್ನನ್ನು ಕರೆಯುವುದನ್ನೇ ಅಪ್ಪ, ಮಗಳು ಇಬ್ಬರೂ ಮರೆತಿದ್ದರು. ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.