ಅತ್ತೆಯ ಪ್ರಾರ್ಥನೆಯಲ್ಲಿ ಖನ್ನಾ ಸಾಹೇಬರು

“ನಿಮ್ಮ ಪ್ರಾರ್ಥನೆಯಲ್ಲಿ ದಿನಾ ನನ್ನ ಹೆಸರು ಯಾಕೆ ಬರುತ್ತೆ? ಸಚ್ ಬತಾಯಿಯೇ!”

ಮೊನ್ನೆ ಸಂಜೆ ಬಾಗಿಲು ತೆರೆದರೆ ಎದುರಿಗೆ ಮೇಲಿನ ಮಹಡಿಯ ಖನ್ನಾ ಸಾಹೇಬರು. ಮುಖ ಕೆಂಪು ಕೆಂಪು. ನಿಜ ಹೇಳಿ ಎಂದು ಹಿಂದಿಯಲ್ಲಿ ಗುಡುಗುತ್ತಿದ್ದರು.

ಸ್ವಲ್ಪ ಹಿಂದಿನದು ಹೇಳಬೇಕು. ದಿಲ್ಲಿಯ ಜನಕಪುರಿಯ ಈ ಫ್ಲ್ಯಾಟಿನಲ್ಲಿ ನಾನು, ನನ್ನ ಮಗಳು, ನಮ್ಮತ್ತೆ. ಅತ್ತೆ ಬೆಟಗೇರಿಯ ಹಳೇ ಕ್ರೈಸ್ತ ಮನೆತನದವರು. ಮೊಣಕಾಲು ಹಟ ಹಿಡಿದ ಮೇಲೆ ಚರ್ಚಿಗೆ ಹೋಗಲಾರರು. ಸಂಜೆಯ ಮನೆ ಪ್ರಾರ್ಥನೆಯೇ ಅವರ ಚರ್ಚು. ಒಬ್ಬೊಬ್ಬರನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸುವುದು ಅವರ ತವರಿನ ಪದ್ಧತಿ. ಕಿವಿ ಮಂದ, ಹಾಗಾಗಿ ದನಿ ದೊಡ್ಡದು. (ದೇವರಿಗೆ ಕೇಳಿಸುತ್ತೆ, ಮೆಲ್ಲಗೆ ಹೇಳಿ ಎಂದರೆ, “ನನಗೂ ಕೇಳಬೇಕಲ್ಲ” ಎನ್ನುತ್ತಾರೆ.)

ಕಳೆದ ತಿಂಗಳು ಖನ್ನಾ ನಮ್ಮ ಸೊಸೈಟಿಗೆ ದೂರು ಕೊಟ್ಟರು. ಈ ಮನೆಯಲ್ಲಿ ಮತಾಂತರ ನಡೆಯುತ್ತಿದೆ, ಪ್ರಾರ್ಥನೆ ನಿಲ್ಲಿಸಿ ಅಂತ. ಮತಾಂತರವೇ? ಮೊಬೈಲು ಬಿಟ್ಟೇಳದ ಮಗಳನ್ನು ಪ್ರಾರ್ಥನೆಗೆ ಕೂರಿಸುವುದೇ ಕಷ್ಟ, ಹೊಸಬರನ್ನು ಎಲ್ಲಿಂದ ತರೋಣ? ಆದರೂ ಭಯವಾಯಿತು. ಈಗಿನ ಕಾಲದಲ್ಲಿ ಇಂಥ ಮಾತು ಎಲ್ಲಿಗೆ ಹೋಗಿ ಮುಟ್ಟುತ್ತದೋ! ಈ ಮನುಷ್ಯ ಒಮ್ಮೆ ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳಲಿ ಎಂದು ನಾನು ಹಾರೈಸಿದ್ದೂ ಉಂಟು.

ಅತ್ತೆ ಮಾಡಿದ್ದೇ ಬೇರೆ. ಆವತ್ತೇ ಖನ್ನಾರನ್ನು ಪ್ರಾರ್ಥನೆಗೆ ಸೇರಿಸಿಕೊಂಡರು. ಕೇಡು ಬಗೆಯುವವರಿಗೂ ಒಳಿತನ್ನೇ ಬೇಡಬೇಕು ಎನ್ನುವುದು ನಮ್ಮ ನಂಬಿಕೆಯ ತಲೆಕೆಳಗಾದ ನ್ಯಾಯ. ನನ್ನ ತಲೆಗೆ ಅದು ಭಾನುವಾರ ಹತ್ತುತ್ತದೆ, ಸೋಮವಾರ ಇಳಿಯುತ್ತದೆ.

ಖನ್ನಾರಿಗೆ ಕನ್ನಡ ಬಾರದು. ಕಿಟಕಿಯಿಂದ ಕೇಳಿದ್ದರಲ್ಲಿ ತಿಳಿಯುತ್ತಿದ್ದದ್ದು ಒಂದೇ ಮಾತು: ಖನ್ನಾ. ದಿನಾ. ಗಟ್ಟಿಯಾಗಿ. ಶಾಪ ಹಾಕುತ್ತಿದ್ದಾರೆ ಎಂದುಕೊಂಡರು. ನೀವಾಗಿದ್ದರೆ ಏನೆಂದುಕೊಳ್ಳುತ್ತಿದ್ದಿರಿ?

“ಏನಂತ ಕೇಳಾಕತ್ತಾನ?” ಒಳಗಿನಿಂದ ಅತ್ತೆ. ಹೇಳಿದೆ. “ಇದ್ದದ್ದು ಹೇಳವ್ವಾ. ಮುಚ್ಚಿಡೂದೇನೈತಿ?”

ಅತ್ತೆಯ ಪ್ರಾರ್ಥನೆಯನ್ನು ಹಿಂದಿಯಲ್ಲಿ ಹೇಳಿದೆ. “ಗಡಿಯಲ್ಲಿರುವ ಖನ್ನಾ ಅವರ ಮಗನನ್ನು ಕಾಯು ತಂದೆಯೇ. ಅವನ ದನಿ ಬೇಗ ಮನೆ ಮುಟ್ಟಲಿ. ಅವನಪ್ಪನಿಗೆ ನಿದ್ದೆ ಕೊಡು.”

ಮಗ ಸೈನ್ಯದಲ್ಲಿದ್ದಾನೆ, ಎಷ್ಟೋ ದಿನದಿಂದ ಫೋನಿಲ್ಲ ಎಂಬುದು ನನಗೂ ಅತ್ತೆಯ ಪ್ರಾರ್ಥನೆಯಿಂದಲೇ ಗೊತ್ತಾದದ್ದು. ಖನ್ನಾರ ಹೆಂಡತಿ ಬಿಸಿಲು ಕಾಯಿಸುವಾಗ ಅತ್ತೆಯ ಹತ್ತಿರ ಕೂತು ಅತ್ತಿದ್ದರಂತೆ. (ಅತ್ತೆಯ ಹಿಂದಿ ಅಷ್ಟಕ್ಕಷ್ಟೆ. ಅಳುವವರ ಜೊತೆ ಕೂರಲು ಅಷ್ಟು ಸಾಕು.)

ಸಾಹೇಬರು ಬಾಗಿಲ ಚೌಕಟ್ಟು ಹಿಡಿದು ನಿಂತರು. “ಅಚ್ಛಾ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದರು. ನನಗೆ ಪಾಪ ಅನಿಸಿತು. ದೂರು ಕೊಟ್ಟವರೂ ಇವರೇ, ನಿದ್ದೆಗೆಟ್ಟ ಅಪ್ಪನೂ ಇವರೇ. ಒಬ್ಬರ ಮೇಲೆ ಹಲ್ಲು ಕಡಿದು ಇನ್ನೊಬ್ಬರಿಗಾಗಿ ಮರುಗುವುದು ಹೇಗೆ?

ಇನ್ನು ದೂರು ವಾಪಸ್ ತಗೊಳ್ಳುತ್ತಾರೆ ಎಂದುಕೊಂಡೆ. ಎಲ್ಲಿಯದು! ಭಾನುವಾರದ ಮೀಟಿಂಗಿನಲ್ಲಿ ಎದ್ದು ನಿಂತು ಹಳೆಯದನ್ನೇ ಹೇಳಿದರು. ನೆಲ ನೋಡುತ್ತಾ ಹೇಳಿದರು, ಅಷ್ಟೇ ವ್ಯತ್ಯಾಸ. ಸೊಸೈಟಿಯವರು ತೀರ್ಮಾನವನ್ನು ಮುಂದಕ್ಕೆ ಹಾಕಿದರು.

ಮನೆಗೆ ಬಂದು ಅತ್ತೆಯ ಮೇಲೆ ರೇಗಿದೆ. “ಇನ್ನಾದರೂ ಅವರ ಹೆಸರು ಬಿಡಿ!”

“ಅಂವಾ ದೂರು ಬಿಟ್ಟರ ಮಗನ್ನ ಕಾಯಪ್ಪಾ ಅಂತ ನಾ ದೇವರ ಕೂಡ ಯಾವಾಗ ಕರಾರು ಮಾಡೀನಿ?”

ಆವತ್ತೇ ಸಂಜೆ, ಪ್ರಾರ್ಥನೆಗೆ ಕೂರುವ ಮುಂಚೆ ಬೆಲ್ಲಾಯಿತು. ಖನ್ನಾ. ಒಳಗೆ ಬರಲಿಲ್ಲ. ಅತ್ತಿತ್ತ ನೋಡಿ, ಯಾರಿಗೂ ಕೇಳದ ಹಾಗೆ ಹೇಳಿದರು: “ಅಮ್ಮಾಜಿಗೆ ಹೇಳಿ, ನಮ್ಮ ಹುಡುಗನ ಹೆಸರು ವಿಕಾಸ್. ಬರೀ ಖನ್ನಾ ಅಂದರೆ ದಿಲ್ಲಿಯಲ್ಲಿ ಬಹಳ ಜನ ಇದ್ದಾರೆ.”

ದೂರು ಇನ್ನೂ ಹಾಗೇ ಇದೆ. ಇಂಥವರ ಜೊತೆ ಜಗಳವಾಡುವುದಾದರೂ ಹೇಗೆ, ನೀವೇ ಹೇಳಿ?