ಎಮ್ರಿಸ್ ಎಂದು ಕಿವಿಯಲ್ಲಿ ಹೇಳಿದವರು

ಕಳೆದ ಶುಕ್ರವಾರ ಮಸ್ಕತ್ತಿನ ವಾದಿ ಕಬೀರ್‌ನ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ, ಎರಡನೆಯ ಮಹಡಿಯ ಅಡುಗೆಮನೆಯೊಂದರಿಂದ ಕಾದ ಕಾವಲಿಯ ಮೇಲೆ ಬೆಣ್ಣೆ ಕರಗಿ ಒಣದ್ರಾಕ್ಷಿ ಕಂದುಬಣ್ಣಕ್ಕೆ ತಿರುಗುವ ವಾಸನೆ ಬಂತು. ತರಕಾರಿಯ ಚೀಲವನ್ನು ಕೆಳಗಿಟ್ಟು ನಿಂತುಬಿಟ್ಟೆ. ಆ ಬಾಗಿಲಿನ ಹಿಂದೆ ಈಗ ಯಾವ ಸಂಸಾರವಿದೆಯೋ ತಿಳಿಯದು. ನನಗೆ ಮಾತ್ರ ಅದು ಇಂದಿಗೂ ಟೀಚರ ಮನೆ. ನಮ್ಮಲ್ಲಿಂದ ಎರವಲು ಒಯ್ದ ದೋಸೆಯ ಕಾವಲಿಯಲ್ಲಿ ಅವರು ತಮ್ಮೂರಿನ ಪುಟ್ಟ ಚಪ್ಪಟೆ ಕೇಕುಗಳನ್ನು ಸುಡುತ್ತಿದ್ದ ಮನೆ...

ಅವರು ವೇಲ್ಸ್‌ನವರು. ಇಂಗ್ಲೆಂಡಿನ ಮಗ್ಗುಲಲ್ಲೇ ಇದ್ದರೂ ತನ್ನದೇ ಹಳೆಯ ಭಾಷೆಯನ್ನು ಜೋಪಾನ ಮಾಡಿಕೊಂಡಿರುವ ಚಿಕ್ಕ ನಾಡು ಅದು. ಟೀಚರು ಪಕ್ಕದ ರೂವಿಯ ಖಾಸಗಿ ತರಬೇತಿ ಕೇಂದ್ರವೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಬಿಳಿಯರು ಸಾಮಾನ್ಯವಾಗಿ ಸಮುದ್ರದ ಕಡೆಯ ಬಡಾವಣೆಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಇವರು ಗ್ಯಾರೇಜುಗಳ ಸದ್ದಿನ ನಡುವೆ, ನಮ್ಮಂಥವರ ಕೆಳಗಿನ ಮನೆಯಲ್ಲಿ ವರ್ಷಗಟ್ಟಲೆ ಉಳಿದರು. ಒಂದೇ ಕೆಲಸಕ್ಕೆ ಪಾಸ್‌ಪೋರ್ಟ್ ನೋಡಿ ಬೇರೆಬೇರೆ ಸಂಬಳ ಕೊಡುವ ಅನ್ಯಾಯದ ಬಗ್ಗೆ ನಾನು ಬರೆಯುತ್ತಿದ್ದೆ, ಮಾತಾಡುತ್ತಿದ್ದೆ. ಅವರು ತಮ್ಮ ಪಕ್ಕದ ಮೇಜಿನ ಕೇರಳದ ಮೇಷ್ಟರಿಗೂ ತಮ್ಮಷ್ಟೇ ಸಂಬಳ ಕೊಡಬೇಕೆಂದು ಆಡಳಿತದವರನ್ನು ಕೇಳಲು ಹೋಗಿ ಬೈಸಿಕೊಂಡು ಬಂದಿದ್ದರು. ನಮ್ಮ ಸ್ನೇಹ ಬೆಳೆದದ್ದು ಅಲ್ಲಿಂದ.

ಅವರ ಮುತ್ತಜ್ಜ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಮನೆಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರಂತೆ. ಆ ಮಗು ಮತ್ತೊಂದು ಮಗುವಿನ ಬಾಯಲ್ಲಿ ವೆಲ್ಷ್ ಕೇಳಿದರೆ ತುಂಡು ಆ ಕೊರಳಿಗೆ ಹೋಗುತ್ತಿತ್ತು. ಸಂಜೆ ಶಾಲೆ ಬಿಡುವಾಗ ಅದು ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದ ಏಟು. ಮಕ್ಕಳನ್ನೇ ಮಕ್ಕಳ ಬೇಹುಗಾರರನ್ನಾಗಿ ಮಾಡುವ ಈ ಕ್ರೌರ್ಯವನ್ನು ಶಿಕ್ಷಣವೆಂದು ಕರೆದವರನ್ನು ನಾನು ಕ್ಷಮಿಸಲಾರೆ. ಟೀಚರು ಅದನ್ನು ಹೇಳುವಾಗ ದನಿ ಎತ್ತರಿಸುತ್ತಿರಲಿಲ್ಲ. ಮುತ್ತಜ್ಜ ಆ ಏಟು ತಿಂದವನು, ಮುಂದೆ ತನಗೆ ಗಂಡುಮಗು ಹುಟ್ಟಿದಾಗ ಇಂಗ್ಲಿಷ್ ಹೆಸರುಗಳನ್ನೆಲ್ಲ ಬದಿಗೆ ಸರಿಸಿ ಎಮ್ರಿಸ್ ಎಂದು ಕರೆದ, ಅಷ್ಟೇ ಎನ್ನುತ್ತಿದ್ದರು. ಆ ಮಗನೇ ಟೀಚರ ಅಜ್ಜ. ಸ್ಲೇಟು ಕಲ್ಲಿನ ಗಣಿಯಲ್ಲಿ ದುಡಿದು ಶ್ವಾಸಕೋಶ ಕಳೆದುಕೊಂಡವರು.

ಹೆಸರಿನ ಮೂಲವನ್ನೂ ಅವರೇ ಬಿಡಿಸಿ ಹೇಳಿದ್ದರು. ನಮ್ಮ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಅಂಬ್ರೋಸ್ ಎಂಬ ಹೆಸರಿದೆಯಲ್ಲ, ಅದರ ವೆಲ್ಷ್ ರೂಪವೇ ಎಮ್ರಿಸ್. ಲ್ಯಾಟಿನ್ನಿನಿಂದ ಹಿಂದಕ್ಕೆ ಗ್ರೀಕಿಗೆ ಹೋದರೆ ಅದರ ಅರ್ಥ ಸಾವಿಲ್ಲದವನು ಎಂದು. ಆ ಗ್ರೀಕ್ ಪದಕ್ಕೂ ನಮ್ಮ ‘ಅಮೃತ’ಕ್ಕೂ ಒಂದೇ ಬೇರು. ಇದನ್ನು ಓದಿ ತಿಳಿದು ಮೇಲಿನ ಮಹಡಿಗೆ ಓಡಿಬಂದು ನನಗೆ ಹೇಳಿದ ದಿನ, ಕಳೆದುಹೋಗಿದ್ದ ನೆಂಟರು ಸಿಕ್ಕಿದಷ್ಟು ಸಂತೋಷ ಅವರ ಮುಖದಲ್ಲಿತ್ತು. ಅಜ್ಜನ ಕಾಲದಲ್ಲಿ ಅವರ ಕಣಿವೆಯಲ್ಲಿ ಆ ಹೆಸರನ್ನು ಕೂಗಿದರೆ ಮೂರ್ನಾಲ್ಕು ಜನ ತಿರುಗಿ ನೋಡುತ್ತಿದ್ದರಂತೆ. ಆಮೇಲೆ ಇಂಗ್ಲಿಷ್ ಹೆಸರಿಗೆ ಕೆಲಸ ಬೇಗ ಸಿಗುತ್ತದೆಂಬ ಭಯ ತಂದೆತಾಯಂದಿರನ್ನು ಹಿಡಿಯಿತು, ಹೆಸರು ಅಪರೂಪವಾಯಿತು. ಈಚೆಗೆ ಅಲ್ಲಿನ ಕಿರಿಯರು ಹಳೆಯ ಹೆಸರುಗಳನ್ನು ಮತ್ತೆ ಹುಡುಕುತ್ತಿದ್ದಾರೆಂದೂ ಹೇಳುತ್ತಿದ್ದರು. ಹುಡುಕುವವರೆಲ್ಲ ಕೊನೆಗೆ ಅದನ್ನು ನಾಯಿಗಿಡುತ್ತಾರೆ ಎಂದು ನಗುತ್ತಿದ್ದರು.

ಆ ನಗುವಿನ ಹಿಂದೆ ಒಂದು ನೋವಿತ್ತು. ಅವರು ಮದುವೆಯಾಗಿರಲಿಲ್ಲ. ತಮ್ಮನ ಮಗನಿಗೆ ಅಜ್ಜನ ಹೆಸರಿಟ್ಟಿದ್ದರು. ಓದಲು ಇಂಗ್ಲೆಂಡಿಗೆ ಹೋದ ಹುಡುಗ ಗೆಳೆಯರ ಗೇಲಿ ತಾಳಲಾರದೆ ಹೆಸರನ್ನೇ ಬದಲಿಸಿಕೊಂಡ. ಮನೆತನದಲ್ಲಿ ಆ ಹೆಸರಿನವರು ಯಾರೂ ಉಳಿಯಲಿಲ್ಲ. ತಮ್ಮ ಕಾಲಕ್ಕೆ ಅದು ಮುಗಿಯಿತಲ್ಲ ಎಂಬ ಕೊರಗನ್ನು ಅವರು ಒಮ್ಮೆ ಮಾತ್ರ ಬಾಯಿಬಿಟ್ಟು ಹೇಳಿದ್ದರು...

ನನ್ನ ಮಗ ಹುಟ್ಟಿದ್ದು ಆ ದಿನಗಳಲ್ಲೇ. ನಾನು ಮೈಸೂರಿನವಳು, ನನ್ನ ಸಂಗಾತಿ ಪುತ್ತೂರಿನವರು. ನಮ್ಮದು ಜಾತಿ ಬಿಟ್ಟು ಮಾಡಿಕೊಂಡ ಮದುವೆ. ಬಾಣಂತನಕ್ಕೆಂದು ಪುತ್ತೂರಿನಿಂದ ಬಂದ ಅತ್ತೆ, ಒಣಗಿಸಿದ ಔಷಧದ ಬೇರುಗಳ ಜೊತೆಗೆ ಜೋಯಿಸರ ಮಾತನ್ನೂ ಗಂಟು ಕಟ್ಟಿ ತಂದಿದ್ದರು. ಮಗುವಿನ ನಕ್ಷತ್ರಕ್ಕೆ ‘ಎ’ ಅಕ್ಷರದ ಹೆಸರೇ ಆಗಬೇಕು. ಹುಟ್ಟಿದ ಗಳಿಗೆಯನ್ನು ಫೋನಿನಲ್ಲಿ ಕೇಳಿ, ಕೂಸಿನ ಮುಖ ನೋಡದವನೊಬ್ಬ ಅದರ ಹೆಸರಿಗೆ ಬೇಲಿ ಹಾಕುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ಒಂಬತ್ತು ತಿಂಗಳು ಹೊತ್ತವಳನ್ನು ಯಾರೂ ಕೇಳದಿರುವುದು ಇನ್ನೂ ದೊಡ್ಡ ತಪ್ಪು. ಅದನ್ನು ಹೇಳಿಯೂ ಹೇಳಿದೆ. ಅತ್ತೆ ಮಗುವಿನ ಕಾಲಿಗೆ ಎಣ್ಣೆ ನೀವುತ್ತ, ನೀನು ಭಾಷಣ ಮಾಡು ಮಗಾ, ನಾನು ಇವನನ್ನು ಮೀಯಿಸಿ ಬರ್ತೇನೆ ಎಂದು ಎದ್ದುಹೋದರು.

ಕನ್ನಡದಲ್ಲಿ ‘ಎ’ಯಿಂದ ಶುರುವಾಗುವ ಗಂಡು ಹೆಸರುಗಳು ಎಷ್ಟಿವೆ? ಹುಡುಕಿ ಹುಡುಕಿ ಕೊನೆಗೆ ಏಕನಾಥ ಎಂಬಲ್ಲಿಗೆ ಬಂದು ನಿಂತರು. ನಾನು ಎಮ್ರಿಸ್ ಎಂಬ ಹೆಸರನ್ನು ಮುಂದಿಟ್ಟೆ. ಹೆಸರು ಕೇಳಿದೊಡನೆ ಜಾತಿ ಮೂಸಿ ನೋಡುವ ನಮ್ಮ ಸಮಾಜದಲ್ಲಿ, ಯಾರ ಮೂಗಿಗೂ ಸಿಗದ ಹೆಸರೊಂದು ನನ್ನ ಮಗನಿಗಿರಲಿ ಎಂಬುದು ನನ್ನ ವಾದವಾಗಿತ್ತು. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

“ಅದು ಯಾವ ಜಾತಿಯವರು ಇಡುವ ಹೆಸರು?”

ಟೀಚರಿಗೆ ಈ ಜಗಳದ ಸುದ್ದಿ ಮುಟ್ಟಿಸಿದಾಗ ಅವರು ಕೆಂಪಾದರು. ಸಂತೋಷವೂ ಸಂಕೋಚವೂ ಒಟ್ಟಿಗೇ ಬಂದಿರಬೇಕು. ಆದರೂ, ಮಗುವಿನ ಮೇಲೆ ಯಾವ ವಾದವನ್ನೂ ಹೊರಿಸಬೇಡ, ಆ ಹೆಸರು ಕೂಗಲು ನಿನಗೆ ಇಷ್ಟವಾದರೆ ಮಾತ್ರ ಇಡು, ಇಲ್ಲವಾದರೆ ಏಕನಾಥನೂ ಚೆಂದವೇ ಎಂದರು. ಅಂದಿನಿಂದ ಅವರು ಆ ಮಾತೆತ್ತಲಿಲ್ಲ. ನಾನೂ ಬಾಣಂತಿಯ ಸುಸ್ತಿನಲ್ಲಿ ಪಟ್ಟು ಸಡಿಲಿಸಿದೆ. ಏಕನಾಥ ಎಂದೇ ತೀರ್ಮಾನವಾಯಿತು. ಊರಿಗೆಲ್ಲ ಫೋನೂ ಹೋಯಿತು.

ಈ ನಡುವೆ ಅತ್ತೆಗೂ ಟೀಚರಿಗೂ ಎಂಥದೋ ಬಾಂಧವ್ಯ ಬೆಳೆದಿತ್ತು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಮಧ್ಯಾಹ್ನ ಕೆಲಸ ಮುಗಿಸಿ ಬಂದವರೇ ಟೀಚರು ಮೇಲೆ ಬಂದು, ಅತ್ತೆ ಮಗುವಿಗೆ ಸಾಂಬ್ರಾಣಿ ಹಿಡಿಯುವುದನ್ನು ನೆಲದ ಮೇಲೆ ಕೂತು ನೋಡುತ್ತಿದ್ದರು. ತಮ್ಮ ಭಾಷೆಯಲ್ಲಿ ಏನನ್ನೋ ಗುನುಗುತ್ತಿದ್ದರು. ಅತ್ತೆ ತುಳುವಿನಲ್ಲಿ ಊರ ಸಮಾಚಾರವನ್ನೆಲ್ಲ ಅವರಿಗೆ ಒಪ್ಪಿಸುತ್ತಿದ್ದರು. ಈ ಟೀಚರಮ್ಮನಿಗೆ ತನ್ನವರು ಅಂತ ಯಾರೂ ಇಲ್ಲವಾ ಎಂದು ನನ್ನನ್ನು ಒಮ್ಮೆ ಕೇಳಿದ್ದರು.

ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ತಂದೆಯ ಅಕ್ಕ ಅಥವಾ ತಂಗಿ. ನನ್ನ ನಾದಿನಿ ಇದೇ ದೇಶದ ದಕ್ಷಿಣ ತುದಿಯ ಸಲಾಲಾದಲ್ಲಿ ಬಂದರಿನ ಕಚೇರಿಯೊಂದರಲ್ಲಿದ್ದಳು. ಮಂಜೂರಾಗಿದ್ದ ರಜೆಯನ್ನು ಕಡೆಯ ಗಳಿಗೆಯಲ್ಲಿ ರದ್ದು ಮಾಡಿದರು. ದುಡಿಯುವ ಹೆಣ್ಣಿನ ಮನೆಯ ಸಂಭ್ರಮಕ್ಕೆ ಕಚೇರಿಗಳಲ್ಲಿ ಯಾವ ಬೆಲೆಯೂ ಇಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬಸ್ಸು ಹತ್ತಬೇಕಾದವಳು ಫೋನಿನಲ್ಲಿ ಅತ್ತಳು. ಅತ್ತೆ ತೊಟ್ಟಿಲನ್ನೊಮ್ಮೆ ತೂಗಿ ಎದ್ದರು. ಆಮೇಲೆ ಕೆಳಗೆ ಹೋಗಿ ಟೀಚರನ್ನು ಕೈಹಿಡಿದು ಕರೆತಂದರು. ತಮ್ಮದೇ ಒಂದು ಸೀರೆ ಉಡಿಸಿ, ಹಣೆಗೆ ಕುಂಕುಮವಿಟ್ಟು, ಸೋದರತ್ತೆಯ ಮಣೆಯ ಮೇಲೆ ಕೂರಿಸಿ ಮಗುವನ್ನು ಮಡಿಲಿಗೆ ಹಾಕಿದರು.

ನಮ್ಮಲ್ಲಿ ಹೆಸರಿಡುವುದು ಸೋದರತ್ತೆ ಎಂದು ನಾನು ಟೀಚರಿಗೆ ಎಂದೋ ಹೇಳಿದ್ದೆ. ಅವಳು ಕಿವಿಯಲ್ಲಿ ಹೇಳುವವಳು ಮಾತ್ರ, ಹೆಸರನ್ನು ಮೊದಲೇ ಗಂಡಸರೂ ಜೋಯಿಸರೂ ಆರಿಸಿರುತ್ತಾರೆ ಎಂಬುದು ಯಾರೂ ಬಿಡಿಸಿ ಹೇಳುವ ಸಂಗತಿಯಲ್ಲ; ನಮಗೆಲ್ಲ ಅದು ಹುಟ್ಟಿನಿಂದಲೇ ತಿಳಿದಿರುತ್ತದೆ. ಟೀಚರು ಮಾತ್ರ, ಹೊಸ ಹೆಸರನ್ನು ಆರಿಸುವ ಅಧಿಕಾರವನ್ನೇ ಅತ್ತೆ ತಮ್ಮ ಮಡಿಲಿಗೆ ಹಾಕಿದ್ದಾರೆಂದು ತಿಳಿದರು. ಅತ್ತೆಯ ಮುಖವನ್ನೊಮ್ಮೆ ನೋಡಿದರು. ಅತ್ತೆ ಹೇಳಿ, ಹೇಳಿ ಎಂಬಂತೆ ತಲೆಯಾಡಿಸಿದರು. ಟೀಚರ ಕಣ್ಣು ತುಂಬಿ ಬಂತು. ಬಾಗಿ, ಮಗುವಿನ ಕಿವಿಗೆ ತುಟಿ ತಾಗಿಸಿ, ಮೂರು ಸಲ ಹೇಳಿದರು. ಹತ್ತಿರ ನಿಂತಿದ್ದ ನಮಗೆಲ್ಲ ಕೇಳಿಸಿತು.

ಎಮ್ರಿಸ್.

ಕೂಡಿದ್ದ ಹತ್ತು ಹದಿನೈದು ಮಂದಿ ಅತ್ತೆಯ ಕಡೆ ತಿರುಗಿದರು. ನನ್ನ ಸಂಗಾತಿ ಮೆಲ್ಲಗೆ, ಅಮ್ಮ, ನೀವೇ ಇನ್ನೊಮ್ಮೆ ಏಕನಾಥ ಎಂದುಬಿಡಿ ಎಂದರು. ಟೀಚರು ಗಾಬರಿಯಿಂದ ನಮ್ಮೆಲ್ಲರ ಮುಖ ನೋಡುತ್ತಿದ್ದರು. ಏನೋ ತಪ್ಪಾಗಿದೆಯೆಂದು ಅವರಿಗೆ ಹೊಳೆದಿತ್ತು. ಅತ್ತೆ ಸೆರಗು ಸರಿಮಾಡಿಕೊಂಡರು.

“ಸುಮ್ಮನಿರು ಮಾರಾಯ. ಸೋದರತ್ತೆ ಕಿವಿಗೆ ಹಾಕಿದ್ದನ್ನು ವಾಪಸು ತೆಗೀಲಿಕ್ಕೆ ಆಗ್ತದಾ? ‘ಎ’ ಅಂತಲೇ ಶುರುವಾಗ್ತದಲ್ಲ, ಜೋಯಿಸರಿಗೂ ಸಾಕು. ಪಾಯಸ ಬಡಿಸು.”

ಅತ್ತೆಯ ಆ ಮಾತನ್ನು ನಾನು ಟೀಚರಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅವರು ಅಳುತ್ತಲೇ ನಕ್ಕರು. ನನ್ನ ವಾದಗಳೆಲ್ಲ ಸೋತಲ್ಲಿ ಒಬ್ಬ ತಾಯಿ ಕಟ್ಟಳೆಯನ್ನೇ ಹಿಡಿದು ಬಾಗಿಲು ತೆರೆದುಬಿಟ್ಟಿದ್ದರು. ಆ ಕಟ್ಟಳೆಗಳನ್ನು ನಾನು ಇಂದಿಗೂ ಒಪ್ಪುವುದಿಲ್ಲ. ಆದರೆ ಆ ಮಧ್ಯಾಹ್ನವನ್ನು ಯಾವುದಕ್ಕೂ ಬಿಟ್ಟುಕೊಡಲಾರೆ...

ಮುಂದಿನ ವರ್ಷಗಳಲ್ಲಿ ಎಮ್ರಿಸ್ ಟೀಚರ ಮನೆಯಲ್ಲೇ ಅರ್ಧ ಬೆಳೆದ. ಅವರು ಬಾಲ್ಕನಿಯಿಂದ ಹೆಸರು ಕೂಗಿದರೆ ಕೆಳಗೆ ಆಡುತ್ತಿದ್ದವನು, ನನ್ನ ಮಾತಿಗೆ ಬಾರದವನು, ಓಡಿ ಬರುತ್ತಿದ್ದ. ಆಮೇಲೆ ಅವರಿಗೆ ವಯಸ್ಸಾಯಿತೆಂದು ಕೆಲಸ ಮುಗಿಯಿತು. ಕೆಲಸದ ಜೊತೆಗೆ ವೀಸಾ ಮುಗಿಯಿತು. ಇಡೀ ಆಯುಷ್ಯವನ್ನು ಒಂದು ಊರಿಗೆ ಕೊಟ್ಟವರಿಗೆ ಅಲ್ಲಿ ಮುಪ್ಪಾಗುವ ಹಕ್ಕಿಲ್ಲದಿರುವುದು ಎಂಥ ವ್ಯವಸ್ಥೆ? ಖಲಾಸ್ ಎಂದು ನಗುತ್ತಲೇ ಟ್ಯಾಕ್ಸಿ ಹತ್ತಿದರು. ಭಾನುವಾರಗಳಂದು ಫೋನಿನ ಪರದೆಯಲ್ಲಿ ಬರುತ್ತಿದ್ದರು. ಅವರ ಹಿಂದೆ ಸದಾ ಮೋಡ ಕವಿದ ಕಿಟಕಿ...

ಈ ಚಳಿಗಾಲದಲ್ಲಿ ಟೀಚರು ತೀರಿಕೊಂಡರೆಂದು ಅವರ ತಮ್ಮನ ಮಗಳು ಫೋನ್ ಮಾಡಿದಳು. ಕೊನೆಯ ದಿನಗಳಲ್ಲಿ ಆಸ್ಪತ್ರೆಯ ದಾದಿಯರಿಗೆಲ್ಲ, ಮಸ್ಕತ್‌ನಲ್ಲಿ ನಮ್ಮ ಎಮ್ರಿಸ್ ಇದ್ದಾನೆ ಎನ್ನುತ್ತಿದ್ದರಂತೆ. ನಾನು ಪುತ್ತೂರಿಗೆ ಫೋನ್ ಮಾಡಿ ತಿಳಿಸಿದೆ. ಅತ್ತೆ ಕೇಳಿದರು.

“ಮಗುವನ್ನು ಮೀಯಿಸಿದೆಯಾ? ಸೋದರತ್ತೆ ಹೋದದ್ದು.”

ನಾನು ಸೂತಕ, ಮೈಲಿಗೆಗಳ ವಿರುದ್ಧ ವೇದಿಕೆಗಳಲ್ಲಿ ಮಾತಾಡಿದವಳು, ನಾಳೆಯೂ ಮಾತಾಡುವವಳು. ಆದರೂ ಅಂದು ಅತ್ತೆಗೆ ಎದುರು ಹೇಳಲಿಲ್ಲ. ಎಮ್ರಿಸ್‌ನನ್ನು ಕರೆದು ವಿಷಯ ತಿಳಿಸಿ, ಅಜ್ಜಿ ಹೀಗನ್ನುತ್ತಾರೆ, ನಿನಗೆ ಹೇಗನ್ನಿಸುತ್ತದೋ ಹಾಗೆ ಮಾಡು ಎಂದೆ. ಎಲ್ಲದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ ನೇರ ಬಚ್ಚಲಿಗೆ ಹೋದ. ತುಂಬ ಹೊತ್ತು ನೀರು ಬೀಳುವ ಸದ್ದು ಕೇಳುತ್ತಿತ್ತು.

ಹೊರಬಂದವನ ತಲೆ ಒರೆಸುತ್ತಿದ್ದೆ. ಟವೆಲಿನ ಒಳಗಿನಿಂದಲೇ, ಅಪರೂಪಕ್ಕೆ ಕನ್ನಡದಲ್ಲಿ ಕೇಳಿದ. “ಅವರ ಮನೆಯಲ್ಲಿ ಈಗ ನಾನೊಬ್ಬನೇನಾ ಅಮ್ಮ, ಎಮ್ರಿಸ್?”

ಹೌದು, ನೀನೊಬ್ಬನೇ ಎಂದೆ. ಅವನು ತಲೆಯಾಡಿಸಿ, ಟವೆಲನ್ನು ಇನ್ನಷ್ಟು ಮುಖಕ್ಕೆ ಎಳೆದುಕೊಂಡ.