ಕೇಳಿದಾಗ ಮಾತ್ರ ಹೇಳುವ ಟೊರೆಂಟ್

ವಿಜಯದಶಮಿಯ ಬೆಳಿಗ್ಗೆ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ನಾವು ಏಳು ಜನ ಹೆಂಗಸರು ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ರೆಕಾರ್ಡ್ ಮಾಡುತ್ತಿದ್ದೆವು. ಬಸವೇಶ್ವರನಗರದ ನಮ್ಮ ಮನೆಯ ಮಹಡಿಯ ಕೋಣೆಯೇ ನಮ್ಮ ಸ್ಟುಡಿಯೋ. ರಸ್ತೆಯ ಸದ್ದು ಬಾರದಂತೆ ಕಿಟಕಿಗೆ ಕಂಬಳಿ ಇಳಿಬಿಟ್ಟು, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ ಓದುತ್ತಿದ್ದೆವು. ಪುಟ ತಿರುಗಿಸಿದಾಗಲೆಲ್ಲ ಪುಟದ ಸಂಖ್ಯೆ ಹೇಳಬೇಕೆಂಬುದು ನಮ್ಮ ಕಟ್ಟುಪಾಡು. ಮೂರು ವರ್ಷಗಳ ಓದು ಒಂದು ಕಂಪ್ಯೂಟರಿನಲ್ಲಿತ್ತು. ಅದರ ನಕಲು ಒಂದು ಹಾರ್ಡ್ ಡಿಸ್ಕಿನಲ್ಲಿತ್ತು. ಆ ಡಿಸ್ಕನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಿದ್ದೆ.

ಯಾರಿಗೆ ಯಾವ ಅಧ್ಯಾಯ ಬೇಕೋ ಅದನ್ನು ಪೆನ್ ಡ್ರೈವ್‌ಗೆ ಹಾಕಿ ಅಂಚೆಯಲ್ಲಿ ಕಳಿಸುತ್ತಿದ್ದೆವು. ಕೇಳುವವರು ಹೆಚ್ಚಾದರು, ಅಂಚೆ ಸಾಲದಾಯಿತು. ಟೊರೆಂಟ್ ಎಂಬ ದಾರಿ ಇದೆಯೆಂದು ಆಗ ಗೊತ್ತಾಯಿತು. ಅದರಲ್ಲಿ ಒಂದು ಫೈಲು ಯಾರ ಯಾರ ಕಂಪ್ಯೂಟರಿನಲ್ಲಿದೆಯೋ ಅವರೆಲ್ಲರಿಂದ ಚೂರು ಚೂರಾಗಿ ಬರುತ್ತದೆ. ಪಡೆದವರು ಪಡೆಯುತ್ತಲೇ ಇನ್ನೊಬ್ಬರಿಗೆ ಕೊಡುತ್ತಾರೆ. ಅದು ನನಗೆ ಹಿಡಿಸಿತು. ಹೊಸ ಕೆಲಸಕ್ಕೆ ವಿಜಯದಶಮಿಗಿಂತ ಒಳ್ಳೆಯ ದಿನ ಯಾವುದು?

ಹಿಂದಿನ ದಿನ ಆಯುಧ ಪೂಜೆ. ಕಂಪ್ಯೂಟರು, ಮೈಕು, ಬೀರುವಿನಿಂದ ತೆಗೆದ ಡಿಸ್ಕು ಎಲ್ಲವನ್ನೂ ಸಾಲಾಗಿ ಇಟ್ಟು ವಿಭೂತಿ, ಕುಂಕುಮ, ಸೇವಂತಿಗೆ ಏರಿಸಿದೆ. ಬೂದುಗುಂಬಳಕಾಯಿ ಒಡೆದೆವು. ಪೂಜೆಗೆ ಇಟ್ಟ ಸಾಮಾನನ್ನು ಅಂದು ಮುಟ್ಟುವಂತಿಲ್ಲ. ಮಾರನೆಯ ಬೆಳಿಗ್ಗೆ ಒಂದನ್ನೂ ಬಿಡದೆ ಚೂರಾದರೂ ಬಳಸಬೇಕು. ದಿನಸಿ ಅಂಗಡಿ ಇಟ್ಟಿದ್ದ ನಮ್ಮ ತಂದೆ ತಕ್ಕಡಿಯಲ್ಲಿ ಏನೂ ಇಲ್ಲದಿದ್ದರೂ ಒಮ್ಮೆ ತೂಗಿ ಇಳಿಸುತ್ತಿದ್ದರು. ನಾನೂ ಹಾಗೆಯೇ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿದೆ. ಅದರ ಕೆಲಸ ಅಂದು ಏನೂ ಇರಲಿಲ್ಲ.

ಆಮೇಲೆ ಟೊರೆಂಟ್ ತಂತ್ರಾಂಶ ಹುಡುಕಿದೆ. ಒಂದು ಪುಟದಲ್ಲಿ ಡೌನ್‌ಲೋಡ್ ಎಂಬ ದೊಡ್ಡ ಹಸಿರು ಗುಂಡಿ ಇತ್ತು. ನಿಜವಾದ ಕೊಂಡಿ ಅದರ ಕೆಳಗೆ ಸಣ್ಣ ಅಕ್ಷರದಲ್ಲಿತ್ತೆಂದು ಆಮೇಲೆ ತಿಳಿಯಿತು. ನಾನು ಹಸಿರನ್ನು ಒತ್ತಿದೆ. ಕೆಳಗಿಳಿದು ಕಾಫಿ ಕುಡಿದು ಬರುವಷ್ಟರಲ್ಲಿ ಪ್ರತಿಯೊಂದು ಫೈಲಿನ ಹೆಸರಿಗೂ ಅರ್ಥವಿಲ್ಲದ ಬಾಲ ಅಂಟಿಕೊಂಡಿತ್ತು. ಯಾವುದೂ ತೆರೆಯಲಿಲ್ಲ. ಬೀಗ ತೆಗೆಯಬೇಕಾದರೆ ಹಣ ಕೊಡಿ ಎಂಬ ಇಂಗ್ಲಿಷ್ ಬರಹ ಪರದೆಯ ಮೇಲಿತ್ತು. ಡಿಸ್ಕಿನಲ್ಲಿದ್ದ ನಕಲಿಗೂ ಅದೇ ಗತಿಯಾಗಿತ್ತು. ಮೇಲಿನ ಕುಂಕುಮ ಇನ್ನೂ ಹಸಿಯಾಗಿತ್ತು.

ವಿಜಯನಗರದ ಕಂಪ್ಯೂಟರ್ ರಿಪೇರಿ ಅಂಗಡಿಯವರು ನೋಡಿ ಆಗಲ್ಲವೆಂದು ತಲೆಯಲ್ಲಾಡಿಸಿದರು.

“ಬ್ಯಾಕಪ್ ಇಲ್ವಾ ಆಂಟಿ?”

“ಇತ್ತು. ಅದನ್ನೂ ಸಿಕ್ಕಿಸಿದ್ದೆ.”

“ಯಾಕ್ ಸಿಕ್ಕಿಸಿದ್ರಿ?”

“ಆಯುಧ ಪೂಜೆ ಮಾಡಿದ್ವಲ್ಲ. ಮಾರನೇ ದಿನ ಎಲ್ಲಾನೂ ಶುರು ಮಾಡ್ಬೇಕು.”

“ಕುಂಬಳಕಾಯಿ ಒಡೆದ್ರೆ ದೃಷ್ಟಿ ಹೋಗ್ಬೇಕಿತ್ತು ಆಂಟಿ. ಫೈಲೇ ಹೋಯ್ತಲ್ಲ!” ಎಂದರು. ನನ್ನ ಮುಖ ಕಂಡು ದನಿ ತಗ್ಗಿಸಿದರು. “ತಮಾಷೆಗಂದೆ, ಬೇಜಾರಾಗ್ಬೇಡಿ. ಅವ್ರಿಗೆ ದುಡ್ಡು ಮಾತ್ರ ಕಳಿಸ್ಬೇಡಿ. ಕೊಟ್ರೂ ಫೈಲ್ ಬರುತ್ತೆ ಅಂತ ಏನ್ ಗ್ಯಾರಂಟಿ?”

ಆ ಕಂಪ್ಯೂಟರನ್ನೂ ಡಿಸ್ಕನ್ನೂ ಪೂರ್ತಿ ಖಾಲಿ ಮಾಡಿ, ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡಿ ಎಂದು ಹೇಳಿ ಬಂದೆ. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಬಳಸುತ್ತಿದ್ದುದು ಅದನ್ನೇ. ಅದು ಬಿಟ್ಟಿ, ಒಳಗಿನ ರಚನೆಯನ್ನು ಯಾರು ಬೇಕಾದರೂ ನೋಡುವಷ್ಟು ತೆರೆದದ್ದು, ಪರದೆಯ ಮೇಲಿನದನ್ನು ಓದಿ ಹೇಳುವ ದನಿಯೂ ಅದರ ಜೊತೆಯಲ್ಲೇ ಬರುತ್ತದೆ. ಬೇಕಾದ ತಂತ್ರಾಂಶವನ್ನು ಅದರ ಸ್ವಂತ ಉಗ್ರಾಣದಿಂದಲೇ ತೆಗೆದುಕೊಳ್ಳಬಹುದು. ಅಲ್ಲಿ ಹಸಿರು ಗುಂಡಿ ಇಲ್ಲ.

ಮನೆಗೆ ಬಂದು ಫೋನು ಹಚ್ಚಿದ್ದು ಗದಗದ ಕಡೆಯ ಒಬ್ಬಾಕೆಗೆ. ಹುಟ್ಟಿನಿಂದ ಕಣ್ಣು ಕಾಣದವಳು. ಆರ್‌ಪಿಸಿ ಲೇಔಟ್‌ನ ಒಂದು ಪಿ.ಜಿ.ಯಲ್ಲಿದ್ದು ಉಪನ್ಯಾಸಕರ ಪರೀಕ್ಷೆಗೆ ಓದುತ್ತಿದ್ದಳು. ಪರೀಕ್ಷೆಗೆ ಆರು ವಾರ ಉಳಿದಿತ್ತು. ಅದಕ್ಕೆ ಬೇಕಾಗಿದ್ದ ಚರಿತ್ರೆಯ ಪುಸ್ತಕಕ್ಕೆ ಹದಿನಾರು ಅಧ್ಯಾಯ. ಆಕೆಯ ಬಳಿ ಇದ್ದದ್ದು ಐದು. ಉಳಿದವು ನನ್ನ ಕೈಯಲ್ಲಿ ಹಾಳಾಗಿದ್ದವು. ಹಾಗೆಯೇ ಹೇಳಿದೆ.

“ಅಳಬ್ಯಾಡ್ರಿ ಅಕ್ಕಾರ,” ಎಂದಳು. “ನೀವು ಮಂದಿಗೆ ಕಳಿಸಿದ್ದು ಮಂದಿ ಕಡೆ ಇರಬೇಕಲ್ರೀ. ಹುಡುಕೋಣು.”

ಎರಡು ದಿನ ಫೋನು ಮಾಡಿ ಆಕೆಯೇ ಲೆಕ್ಕ ಹಿಡಿದಳು. ಹಾವೇರಿಯ ಒಬ್ಬನ ಹತ್ತಿರ ನಾಲ್ಕು, ಕೋಲಾರದಲ್ಲಿ ಮೂರು, ಮಂಡ್ಯದಲ್ಲಿ ಮೂರು. ಆಕೆಯ ಐದು ಸೇರಿ ಹದಿನೈದು. ಹನ್ನೊಂದನೆಯ ಅಧ್ಯಾಯ ಯಾರ ಬಳಿಯೂ ಇರಲಿಲ್ಲ.

ಅವನ್ನು ಒಂದು ಕಡೆ ತರುವುದು ಹೇಗೆ? ಮೊಬೈಲ್ ನೆಟ್‌ನಲ್ಲಿ ಕಳಿಸಿದರೆ ನಡುವೆ ಕಡಿದುಹೋಗಿ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಟೊರೆಂಟ್ ಹಾಗಲ್ಲ, ನಿಂತಲ್ಲಿಂದ ಮುಂದುವರಿಯುತ್ತದೆ. ಮತ್ತೆ ಅದೇ ಟೊರೆಂಟ್! ಆದರೆ ಹೆದರಿ ಕೂತರೆ ಆಕೆಯ ಆರು ವಾರ ಕರಗುತ್ತಿತ್ತು. ಮಾಡಿಯೇ ತೀರುತ್ತೇನೆ ಎಂದುಕೊಂಡೆ.

“ಈ ಸಲ ಯಾವ ಸಾಫ್ಟ್‌ವೇರ್ ಅಂತ ನಾ ಆರಿಸ್ತೀನ್ರಿ,” ಎಂದಳು. “ಬಳಸೋರು ನಾವು. ನಿಮಗ ಚಂದ ಕಂಡದ್ದು ನಮಗ ಮೂಕ ಇರ್ತೈತಿ.”

ಶನಿವಾರ ಮಧ್ಯಾಹ್ನ ಬಸ್ ಸ್ಟಾಪಿನಿಂದ ನನ್ನ ಮೊಣಕೈ ಹಿಡಿದು ಮನೆಗೆ ಬಂದಳು. ಮಹಡಿ ಹತ್ತಿ, ಕುರ್ಚಿ ಎಳೆದುಕೊಂಡು ಕೂತು, ಮೊದಲು ಹೇಳಿದ್ದು: “ಪರದೆ ಬಂದ್ ಮಾಡ್ರಿ. ನೀವೂ ನನ್ನಂಗ ಕೇಳ್ರಿ.”

ಮಾಡಿದೆ. ತಂತ್ರಾಂಶಗಳನ್ನು ಪರೀಕ್ಷಿಸಿ ನೋಡಲೆಂದು ಆ ಲಿನಕ್ಸಿನದೇ ಹೊಸ ಆವೃತ್ತಿಯ ಫೈಲನ್ನು ಆರಿಸಿಕೊಂಡೆವು. ಅದನ್ನು ಮಾಡಿದವರೇ ಟೊರೆಂಟ್ ಮೂಲಕ ಹಂಚುತ್ತಾರೆ, ಕದ್ದ ಮಾಲಲ್ಲ.

ಮೊದಲನೆಯ ತಂತ್ರಾಂಶವನ್ನು ನಾನೇ ಇಷ್ಟಪಟ್ಟು ಹಾಕಿಸಿದ್ದೆ. ಬಣ್ಣ ಬಣ್ಣದ ಚಿತ್ರಗಳಿದ್ದವು. ಓದುವ ದನಿ ಮಾತ್ರ “ಬಟನ್, ಬಟನ್, ಬಟನ್” ಎಂದಷ್ಟೇ ಹೇಳಿತು.

“ಯಾವ ಬಟನ್ ಅಂತ ಹೇಳವಲ್ದು. ಆಫೀಸಿಗೆ ಹೊಸದಾಗಿ ಬಂದ ಕ್ಲರ್ಕ್ ಇದ್ದಂಗ ಐತಿ,” ಎಂದಳು. “ಮುಂದಿಂದು.”

ಎರಡನೆಯದರಲ್ಲಿ ಚಿತ್ರವೇ ಇಲ್ಲ, ಎಲ್ಲ ಬರೀ ಅಕ್ಷರ. ಹೆಸರು ಟೈಪು ಮಾಡಿದೊಡನೆ ಕೆಲಸ ಶುರುವಾಯಿತು. ನೂರಕ್ಕೆ ಎಷ್ಟು ಬಂತೆಂದೂ ಹೇಳತೊಡಗಿತು: ಎರಡು, ಎರಡು, ಎರಡು, ಮೂರು, ಮೂರು. ನಿಲ್ಲಿಸಲೇ ಇಲ್ಲ.

“ಇದು ಜಪಕ್ಕ ಕುಂತೈತಿ ನೋಡ್ರಿ!”

“ಅಭ್ಯಾಸ ಆಗುತ್ತೆ ಕಣೇ,” ಎಂದೆ. ನನಗೆ ಆದಷ್ಟು ಬೇಗ ಮುಗಿದರೆ ಸಾಕಾಗಿತ್ತು.

“ಪಾಠ ಕೇಳೋಮುಂದ ಯಾರರ ಕಿವ್ಯಾಗ ಮಗ್ಗಿ ಹೇಳ್ಕೋಂತ ಕುಂತ್ರ ನಿಮಗ ಅಭ್ಯಾಸ ಆಗ್ತೈತೇನ್ರಿ?”

ಅದನ್ನು ಮುಚ್ಚಿದೆ.

ಮೂರನೆಯದಕ್ಕೆ ಪರದೆಯ ಮೇಲೆ ಕಿಟಕಿಯೂ ಇಲ್ಲ, ಮುಖವೂ ಇಲ್ಲ. ಅದು ಒಳಗೆಲ್ಲೋ ಕೂತು ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಒಂದು ಸಾಲು ಟೈಪು ಮಾಡಿ ಕೇಳಿದರೆ ಫೈಲಿನ ಹೆಸರು, ಎಷ್ಟು ಬಂತು, ಎಷ್ಟು ಕೊಟ್ಟೆವು ಎಂದು ಒಮ್ಮೆ ಹೇಳಿ ಬಾಯಿ ಮುಚ್ಚುತ್ತದೆ. ಕಣ್ಣಿನಿಂದ ನೋಡಿದ್ದರೆ ಇದನ್ನು ನಾನು ಖಂಡಿತ ಬದಿಗೆ ಸರಿಸುತ್ತಿದ್ದೆ. ಆಕೆ ಐದಾರು ಸಲ ಕೇಳಿ ನೋಡಿದಳು. ಪ್ರತಿ ಸಲವೂ ಒಮ್ಮೆ ಉತ್ತರ, ಆಮೇಲೆ ಮೌನ.

ಅಷ್ಟಕ್ಕೇ ಬಿಡಲಿಲ್ಲ. ಕಂಪ್ಯೂಟರಿನ ಹಿಂದಿನಿಂದ ವೈರನ್ನು ಬೆರಳಲ್ಲೇ ಹಿಡಿದುಕೊಂಡು ಗೋಡೆಯವರೆಗೆ ಹೋಗಿ, ಪ್ಲಗ್ಗನ್ನು ಕಿತ್ತಳು.

“ಅಯ್ಯೋ, ಏನ್ ಮಾಡಿದೆ!” ನಾನು ಎದ್ದು ನಿಂತಿದ್ದೆ. ಒಳಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಆದರೂ.

“ನಮ್ಮ ಕಡೆ ಕರೆಂಟ್ ಹೇಳಿ ಹೋಗಂಗಿಲ್ರೀ,” ಎಂದು ನಕ್ಕಳು. ಮತ್ತೆ ಸಿಕ್ಕಿಸಿ, ಕಂಪ್ಯೂಟರ್ ಏಳುವವರೆಗೆ ಕಾದು, ಅದೇ ಸಾಲು ಟೈಪು ಮಾಡಿದಳು. ಪ್ಲಗ್ ಕೀಳುವ ಮುಂಚೆ ಮೂವತ್ತೊಂದು ಎಂದಿತ್ತು. ಈಗಲೂ ಮೂವತ್ತೊಂದು ಎಂದಿತು. ನಾನು ಕೂತು ನೀರು ಕುಡಿಯುವಷ್ಟರಲ್ಲಿ ಮೂವತ್ತೆರಡಾಗಿತ್ತು.

“ಇದ ಇರಲಿ,” ಎಂದಳು.

ಅದನ್ನು ನಡೆಸಲು ಟೈಪು ಮಾಡಬೇಕಾದದ್ದು ಒಟ್ಟು ನಾಲ್ಕು ಸಾಲು. ಅವನ್ನು ಆಕೆ ನಮ್ಮ ಮೈಕಿನಲ್ಲಿ ತನ್ನ ದನಿಯಲ್ಲೇ ಹೇಳಿ, ನಾವು ಪುಟದ ಸಂಖ್ಯೆ ಹೇಳುವಂತೆ ಸಾಲಿನ ಸಂಖ್ಯೆಯನ್ನೂ ಸೇರಿಸಿ, ಮೂರು ಊರಿಗೂ ಕಳಿಸಿದಳು. ಆ ವಾರದಿಂದ ಅಧ್ಯಾಯಗಳು ಬರತೊಡಗಿದವು. ಮಂಡ್ಯದ್ದು ಒಂದೇ ದಿನದಲ್ಲಿ ಬಂತು. ಹಾವೇರಿಯ ನಾಲ್ಕಕ್ಕೆ ಒಂಬತ್ತು ದಿನ ಹಿಡಿಯಿತು. ಬಂದದ್ದನ್ನು ನಾನು ಮೊದಲಿನಿಂದ ಕೊನೆಯವರೆಗೆ ಕೇಳಿಯೇ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ. ಎಂಟನೆಯ ಅಧ್ಯಾಯದ ನಡುವೆ ನಮ್ಮ ಮನೆಯ ಕುಕ್ಕರ್ ಎರಡು ಸಲ ಕೂಗಿತ್ತು. ಓದಿದವರು ಅದನ್ನು ಅಳಿಸಲು ಮರೆತಿದ್ದರು. ಅಳಿಸದಿದ್ದುದೇ ಒಳ್ಳೆಯದೆನಿಸಿತು.

ಹನ್ನೊಂದನೆಯದನ್ನು ನಾನೇ ಮತ್ತೆ ಓದಿದೆ. ಮೂರು ಮಧ್ಯಾಹ್ನ ಹಿಡಿಯಿತು. ದನಿ ನಡುಗಿದ ಕಡೆಯೆಲ್ಲ ನಿಲ್ಲಿಸಿ, ಆ ಪುಟದ ಮೊದಲಿನಿಂದ ಶುರು ಮಾಡಿದೆ. ಮುಗಿಸಿ ಡಿಸ್ಕಿಗೆ ನಕಲು ಮಾಡಿ, ಡಿಸ್ಕನ್ನು ಕಿತ್ತು, ಬೀರುವಿಗೆ ಬೀಗ ಹಾಕಿ, ಅದಾದ ಮೇಲೆಯೇ ಟೊರೆಂಟ್‌ಗೆ ಕೊಟ್ಟೆ. ಆಗ ಪರೀಕ್ಷೆಗೆ ಇನ್ನೂ ಹದಿನಾರು ದಿನವಿತ್ತು.

ಮರುದಿನ ಬೆಳಿಗ್ಗೆ ಆಕೆಯ ಫೋನು ಬಂತು. “ನನಗ ನೂರಕ್ಕ ನೂರು ಬಂತ್ರಿ. ಆದ್ರ ನೀವು ಬಂದ್ ಮಾಡಬ್ಯಾಡ್ರಿ ಅಕ್ಕಾರ, ಹಾವೇರಿ ಹುಡುಗಗ ಇನ್ನ ಅರ್ಧ ಹೋಗಬೇಕು.”

ಬಂದ್ ಮಾಡಲಿಲ್ಲ. ಪರೀಕ್ಷೆಯ ದಿನ ಸಂಜೆ ಮತ್ತೆ ಫೋನು ಮಾಡಿದಳು. ಹನ್ನೊಂದನೆಯ ಅಧ್ಯಾಯದಿಂದ ಎರಡು ಪ್ರಶ್ನೆ ಬಂದಿದ್ದವಂತೆ. “ಒಂದು ನಿಮ್ಮ ಪುಟದ ನಂಬರ್ ಸಮೇತ ನೆನಪಿತ್ರಿ. ಇನ್ನೊಂದು ತಪ್ಪೀನಿ,” ಎಂದಳು. ಯಾವುದು ತಪ್ಪಿತು, ನಾನು ಓದಿದ್ದು ಅಲ್ಲಿ ಸ್ಪಷ್ಟವಿರಲಿಲ್ಲವೇ ಎಂದು ಕೇಳಿದೆ. “ಸ್ಪಷ್ಟ ಇತ್ರಿ. ಅದನ್ನ ಕೇಳೋಮುಂದ ನಾನ ನಿದ್ದಿ ಹೋಗಿದ್ದೆ,” ಎಂದಳು.